ಅಕ್ಕನ ಗದ್ದೆಗೆ ಬಂದ ನೀರು

ಹುಣಸೂರಿನಲ್ಲಿ ತತ್ವಶಾಸ್ತ್ರಕ್ಕೆ ನಾನೊಬ್ಬನೇ ಯಜಮಾನ ಎಂದುಕೊಂಡು ಹಾಯಾಗಿದ್ದೆ. ಆಮೇಲೆ ನಮ್ಮ ಕಾಲೇಜಿಗೆ ಅದೇ ಪಾಠ ಹೇಳಲು ಅವಳು ಬಂದಳು. ಊರಲ್ಲೇ ಫರ್ನಿಚರ್ ಅಂಗಡಿ ಇಟ್ಟಿರುವ ಮುಸ್ಲಿಂ ಮನೆತನದ ಹುಡುಗಿ, ನನಗಿಂತ ಎಷ್ಟೋ ಚಿಕ್ಕವಳು. ನನ್ನ ಕ್ಲಾಸಿನಲ್ಲಿ ಹುಡುಗರು ಆಕಳಿಸುತ್ತಿದ್ದರೆ, ಪಕ್ಕದ ರೂಮಿನಿಂದ ಅವಳ ಹುಡುಗರ ವಾದ ಕೇಳಿಸುತ್ತಿತ್ತು. ಹೊಗೆಸೊಪ್ಪು ಬೇಯಿಸಲು ಕಾಡಿನ ಸೌದೆ ಸುಡುವುದು ಸರಿಯೇ? ಕಾಕನಕೋಟೆ ಕಾಡಿನಿಂದ ಒಕ್ಕಲೆಬ್ಬಿಸಿದ ಆದಿವಾಸಿಗಳಿಗೆ ಆ ಕಾಡಿನ ಮೇಲೆ ಹಕ್ಕಿಲ್ಲವೇ? ಇಂಥವೇ ಅವಳ ಪ್ರಶ್ನೆಗಳು. ‘ಇದ್ಯಾವ ತತ್ವಶಾಸ್ತ್ರ, ಟೀ ಅಂಗಡಿ ಹರಟೆ’ ಎಂದು ಸ್ಟಾಫ್ ರೂಮಿನಲ್ಲಿ ಗೊಣಗುತ್ತಿದ್ದೆ. ಹೊಟ್ಟೆಕಿಚ್ಚು, ಇನ್ನೇನು!

ಅವಳನ್ನು ಚುಂಚನಕಟ್ಟೆ ಹತ್ತಿರದ ನನ್ನ ಅಕ್ಕನ ಮನೆಗೆ ಊಟಕ್ಕೆ ಕರೆದುಕೊಂಡು ಹೋದವನೂ ನಾನೇ, ನನ್ನ ಗ್ರಹಚಾರ. ಅಕ್ಕನ ಗದ್ದೆ ನಾಲೆಯ ಕೊನೆಯಲ್ಲಿದೆ. ಮೇಲಿನವರು ತಮಗೆ ಸಾಕೆನಿಸಿದ ಮೇಲೆ ನೀರು ಬಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಹಿಂದಿನ ವರ್ಷ ತೆನೆ ಕಟ್ಟುವ ಹೊತ್ತಿಗೆ ಪೈರು ಒಣಗಿಹೋಗಿತ್ತು. ಇನ್ನೊಂದು ಸಲ ಹಾಗಾದರೆ ಗದ್ದೆ ಮಾರಿಬಿಡುತ್ತೇನೆ ಎಂದು ಅಕ್ಕ ಅನ್ನ ಬಡಿಸುತ್ತಲೇ ಕಣ್ಣೊರೆಸಿಕೊಂಡಳು. “ನಾನೊಂದ್ಸಲ ಎಲ್ಲರ ಹತ್ರ ಮಾತಾಡ್ಲಾ ಅಕ್ಕಾ?” ಎಂದಳು ಇವಳು. ನನ್ನ ಅಕ್ಕನನ್ನು ಅಕ್ಕ ಎನ್ನಲು ಇವಳ್ಯಾರು?

ನಾಟಿಗೆ ಮುಂಚೆ ಅವಳು ಕರೆದಳೆಂದು ಹಾಲಿನ ಡೈರಿಯ ಮುಂದೆ ಆ ನಾಲೆಯ ರೈತರೆಲ್ಲರೂ ಸೇರಿದರು. ಅವಳು ಒಂದು ಪಾತ್ರೆಯಲ್ಲಿ ಮಡಿಸಿದ ಚೀಟಿಗಳನ್ನು ಹಾಕಿಟ್ಟಳು. “ಯಾರ ಗದ್ದೆ ನಾಲೆ ತಲೇಲಿ, ಯಾರದ್ದು ಕೊನೇಲಿ ಅನ್ನೋದು ಈ ಚೀಟಿ ಎತ್ತಿದ ಮೇಲೇ ಗೊತ್ತಾಗೋದು ಅಂದ್ಕೊಳ್ಳಿ. ಎತ್ತೋ ಮುಂಚೆನೇ ನೀರಿನ ಸರದಿ ಹೇಗಿರ್ಬೇಕು ಹೇಳಿ.”

ನನಗೆ ಸಿಟ್ಟು ಸರ್ರನೆ ಏರಿತು. ಅದು ನನ್ನ ಪಾಠ! ತನ್ನ ಪಾಲು ಯಾವುದೆಂದು ತಿಳಿಯುವ ಮುಂಚೆಯೇ ನ್ಯಾಯ ಯಾವುದೆಂದು ಗೊತ್ತುಮಾಡಬೇಕು ಎಂದು ನಾನು ವರ್ಷಾವರ್ಷ ನೋಟ್ಸ್ ಬರೆಸಿ, ಪರೀಕ್ಷೆಯಲ್ಲಿ ಕೇಳುವ ಪಾಠ. ಇವಳು ಅದನ್ನು ಎತ್ತಿಕೊಂಡು ಬಂದು ನನ್ನ ಅಕ್ಕನ ಊರಲ್ಲೇ ಮೆರೆಯುತ್ತಿದ್ದಾಳೆ.

ಅಷ್ಟರಲ್ಲಿ ನಾಲೆ ತಲೆಯ ಗದ್ದೆಯ ಯಜಮಾನರೊಬ್ಬರು, ಇದು ಬರೀ ಅಂದುಕೊಳ್ಳುವ ಮಾತು ಎಂಬುದನ್ನೇ ಮರೆತು ಎದ್ದು ನಿಂತರು. “ನಂಗೇನಾರ ಕೊನೆ ಗದ್ದೆ ಬಂದ್ಬುಟ್ರೆ ಏನ್ ಗತಿ? ಮೊದ್ಲು ಕೊನೆಗೇ ನೀರು ಬುಡಿ ಕಣ್ರಪ್ಪಾ!” ಜನ ಬಿದ್ದುಬಿದ್ದು ನಕ್ಕರು. ಆದರೆ ಹತ್ತು ಜನರ ಮುಂದೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಅವರಿಗೆ ಮುಖವಿರಲಿಲ್ಲ. ಆ ಸಲ ಸರದಿ ಕೊನೆಯ ಗದ್ದೆಗಳಿಂದಲೇ ಶುರುವಾಯಿತು.

ಹೊಸ ಅಕ್ಕಿಯಾದ ಕೂಡಲೇ ಮೊದಲ ಚೀಲ ತಮ್ಮನ ಮನೆಗೆ ತರುವುದು ಅಕ್ಕನ ರೂಢಿ. ಈ ಸಲ ಬಸ್ಸಿಳಿದವಳು ನೇರ ಆ ಹುಡುಗಿಯ ಮನೆಗೆ ಹೋಗಿ ಮೊದಲ ಚೀಲ ಕೊಟ್ಟು, ಆಮೇಲೆ ಇನ್ನೊಂದು ಹೊತ್ತುಕೊಂಡು ನನ್ನ ಮನೆಗೆ ಬಂದಳು. ನನಗೆ ತಡೆಯಲಾಗಲಿಲ್ಲ. “ಆ ಚೀಟಿ ಪಾಠ ಅವಳದ್ದಲ್ಲ ಕಣಕ್ಕಾ! ಅವಳು ಹುಟ್ಟೋಕೆ ಮುಂಚೆಯಿಂದ ನಾನು ಹೇಳ್ಕೊಂಡು ಬಂದಿರೋದು!” ಎಂದು ಕೂಗಾಡಿದೆ.

ಅಕ್ಕ ಚೀಲವನ್ನು ಕೆಳಗಿಟ್ಟು ನನ್ನನ್ನೇ ನೋಡಿದಳು.

“ನಿಂಗೆ ಮೊದ್ಲೇ ಗೊತ್ತಿತ್ತೇನ್ಲಾ? ಮತ್ತೆ ನನ್ ಪೈರು ಒಣಗೋವಾಗ ಯಾಕ್ಲಾ ಬಾಯಿ ಬುಡ್ನಿಲ್ಲ?”