ಬಸ್ಸು ತಪ್ಪಿದ ಮೊಗ್ಗು

ಬೆಳಗಿನ ಫೋಟೋ ತೆಗೆಯುವವರು ಶಾಂತ ಸ್ವಭಾವದವರೆಂದು ಜನ ಯಾಕೆ ತಿಳಿಯುತ್ತಾರೋ. ನನಗಂತೂ ಸೂರ್ಯ ಹುಟ್ಟುವ ಹೊತ್ತಿಗೇ ಸಿಟ್ಟು ನೆತ್ತಿಗೇರಿರುತ್ತದೆ. ಹರಪನಹಳ್ಳಿಯಲ್ಲಿ ನನ್ನದೊಂದು ಕನ್ನಡಕದ ಅಂಗಡಿ. ಬಾಗಿಲು ತೆಗೆಯುವುದು ಹತ್ತಕ್ಕೆ; ಅಲ್ಲಿಯವರೆಗಿನ ಬೆಳಕೆಲ್ಲ ನನ್ನದೆಂದೇ ನಂಬಿದ್ದೆ. ಮಳೆಗಾಲಕ್ಕೆ ಕೂಡ್ಲಿಗಿ ಕಡೆಯ ಗುಡ್ಡ, ಚಳಿಗೆ ಬಾಗಳಿಯ ಗುಡಿ, ಬೇಸಿಗೆಗೆ ಹಡಗಲಿಯ ಮಲ್ಲಿಗೆ. ಎಲ್ಲಿ ಹೋದರೂ ಯಾರಾದರೂ ಅಡ್ಡ ಬರುತ್ತಾರೆ. ಬಾಗಳಿಯಲ್ಲಿ ಕಂಬಕ್ಕೊರಗಿ ಹಲ್ಲುಜ್ಜುತ್ತಿದ್ದವನಿಗೆ ಸರಿಯಿರಿ ಎಂದರೆ, "ಕಂಬ ನಿಮ್ಮಪ್ಪ ನಿಲ್ಲಿಸ್ಯಾನೇನು?" ಎಂದ. ನಾನೂ ಬಿಡಲಿಲ್ಲ. ಜಗಳ ಮುಗಿಯುವಷ್ಟರಲ್ಲಿ ಬಿಸಿಲೇರಿ ಆ ದಿನದ ಫೋಟೋ ಹಾಳಾಯಿತು.

ಆದರೆ ನನಗೆ ಸರಿಸಾಟಿಯಾಗಿ ಸಿಕ್ಕವಳು ಹಡಗಲಿಯ ಹೂವಿನವಳು. ನನ್ನ ತಂಗಿಯ ಮನೆಯ ಹಿಂದೆಯೇ ಅವಳ ತೋಟ. ಹಣೆಗೆ ಬ್ಯಾಟರಿ ಕಟ್ಟಿಕೊಂಡು ಅವಳೂ ಅವಳ ಸೊಸೆಯೂ ಕತ್ತಲಲ್ಲೇ ಮೊಗ್ಗು ಬಿಡಿಸುತ್ತಾರೆ. ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಆರೂವರೆಯ ಬಸ್ಸಿಗೆ ಹಾಕಿದರೆ ದಾವಣಗೆರೆಯಲ್ಲಿ ವ್ಯಾಪಾರಿ ಇಳಿಸಿಕೊಳ್ಳುತ್ತಾನೆ. ಗಂಟಿನ ಜೊತೆ ಯಾರೂ ಹೋಗುವುದಿಲ್ಲ; ಮೊಗ್ಗು ಅರಳುವ ಮೊದಲು ಮುಟ್ಟಬೇಕು, ಅಷ್ಟೇ. ನನಗೆ ಬೇಕಾದದ್ದು ಎಳೆಬಿಸಿಲಲ್ಲಿ ಹೂವು ಬಿಡಿಸುವ ಕೈ. ಬಿಸಿಲು ಬರುವ ಹೊತ್ತಿಗೆ ಅವಳು ಗಂಟು ಹೊತ್ತು ಬಸ್‌ಸ್ಟ್ಯಾಂಡಿನ ದಾರಿ ಹಿಡಿದಿರುತ್ತಿದ್ದಳು.

"ಒಂದು ಹತ್ತು ನಿಮಿಷ ನಿಲ್ಲಮ್ಮ" ಎಂದು ಮೂರು ಬೇಸಿಗೆ ಕೇಳಿದೆ.

"ನಿಮಗ ಮಾಡಾಕ ಕೆಲಸಿಲ್ಲ, ನಮಗೈತಿ. ಬದುವಿನ ಮ್ಯಾಲ ನಿಂದರ್ರಿ, ಗಿಡ ತುಳಿಬ್ಯಾಡ್ರಿ" ಎನ್ನುತ್ತಿದ್ದಳು ಮೂರು ಬೇಸಿಗೆಯೂ.

ನಾಲ್ಕನೆಯ ಬೇಸಿಗೆ ಅವಳ ಮೊಣಕಾಲು ಊದಿತ್ತು. ಹಿಂದಿನ ವಾರ ಕುಂಟುತ್ತ ಹೋಗಿ ಬಸ್ಸು ತಪ್ಪಿಸಿಕೊಂಡಿದ್ದಳಂತೆ. ಇನ್ನೊಂದು ಸಲ ಹೀಗಾದರೆ ಬೇರೆಯವರ ಹೂವು ಹಿಡಿಯುತ್ತೇನೆ ಎಂದು ವ್ಯಾಪಾರಿ ಹೇಳಿದ್ದ. ಲಗ್ನದ ದಿನಗಳು; ಅವನು ಬಿಟ್ಟರೆ ಬೇರೆ ಗಿರಾಕಿ ಹುಡುಕುವಷ್ಟರಲ್ಲಿ ಹಂಗಾಮೇ ಮುಗಿಯುತ್ತಿತ್ತು. ನಾನು ಅದೇ ಸಂದು ನೋಡಿ ಮಾತು ಹಾಕಿದೆ. "ಬಿಸಿಲು ಬರೋತನಕ ನೀನು ಬಿಡಿಸ್ತಾ ಇರು. ಗಂಟು ನಾನು ಬೈಕಿನ ಮೇಲೆ ಬಸ್ಸಿಗೆ ಮುಟ್ಟಿಸ್ತೀನಿ. ಐದು ನಿಮಿಷದ ದಾರಿ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಂಬಬೇಕೇನ್ರಿ ನಿಮ್ಮನ್ನ?"

"ನಂಬದಿದ್ದರೆ ನಡಕೊಂಡು ಹೋಗು" ಎಂದೆ. ನಂಬಿದಳು.

ಸೂರ್ಯ ಬಂದ, ಆದರೆ ಮೋಡದ ಹಿಂದೆ. ಚಿತ್ರಗಳೆಲ್ಲ ಬೂದಿ ಬಣ್ಣ. ಅವಳು "ಹೊತ್ತಾತು, ಹೋಗ್ರಿ" ಎಂದು ಗದರಿದಾಗ ಮೋಡವನ್ನೂ ಅವಳನ್ನೂ ಒಟ್ಟಿಗೆ ಬೈದುಕೊಳ್ಳುತ್ತ ಗಂಟನ್ನು ಬೈಕಿನ ಟ್ಯಾಂಕಿನ ಮೇಲಿಟ್ಟುಕೊಂಡು ಹೊರಟೆ. ತಿರುವು ದಾಟುವಷ್ಟರಲ್ಲಿ ಮೋಡ ಹರಿಯಿತು. ಪಕ್ಕದ ಹೊಲದ ಬೇವಿನ ಮರದ ತುಂಬ ಬೆಳ್ಳಕ್ಕಿ, ಹಿಂದೆ ಕೆಂಪು ಬೆಳಕು. ಎರಡೇ ನಿಮಿಷ ಎಂದು ಬೈಕು ನಿಲ್ಲಿಸಿದೆ. ಲೆನ್ಸ್ ಬದಲಿಸಿದೆ. ಹಕ್ಕಿ ಹಾರಲಿ ಎಂದು ಕಾದೆ. ಅವು ಹಾರಲಿಲ್ಲ. ಕಲ್ಲು ಹೊಡೆದೆ.

ಬಸ್‌ಸ್ಟ್ಯಾಂಡಿಗೆ ಹೋದಾಗ ಬಸ್ಸು ಬಿಟ್ಟು ಕಾಲು ಗಂಟೆಯಾಗಿತ್ತು. ಹರಪನಹಳ್ಳಿ ರಸ್ತೆಯಲ್ಲಿ ಮೂರು ಊರು ದಾಟುವತನಕ ಬೆನ್ನಟ್ಟಿದೆ, ಸಿಗಲಿಲ್ಲ. ಬಿಸಿಲಿಗೂ ಟ್ಯಾಂಕಿನ ಕಾವಿಗೂ ಬಟ್ಟೆ ಒಣಗಿತ್ತು. ಒಳಗಿನಿಂದ ಘಮಘಮ ವಾಸನೆ. ಮೊಗ್ಗಿಗೆ ಅಷ್ಟು ವಾಸನೆ ಇರುವುದಿಲ್ಲ ಎಂದು ನನಗೂ ಗೊತ್ತಿತ್ತು.

ಎಂಟು ಗಂಟೆಗೆ ಹಿಂದಿರುಗಿದಾಗ ಅವಳು ತೋಟದ ಬದುವಿನ ಮೇಲೆ ಕಾಲು ಚಾಚಿ ಕೂತಿದ್ದಳು. ಗಂಟು ಕಂಡದ್ದೇ ಎದ್ದಳು. ಬಿಚ್ಚಿ ನೋಡಿದಳು. ಅರ್ಧಕ್ಕರ್ಧ ಅರಳಿದ್ದವು.

"ತಪ್ಪಾಯಿತಮ್ಮ" ಎಂದೆ.

"ತಪ್ಪಾತು ಅಂದ್ರ ಮತ್ತ ಮುಚ್ಚಿಕೊಂತಾವೇನ್ರಿ?"

ಅಷ್ಟರಲ್ಲಿ ಸೊಸೆ ಮೊಬೈಲು ತಂದುಕೊಟ್ಟಳು. ವ್ಯಾಪಾರಿಯ ದನಿ ನನಗೂ ಕೇಳುತ್ತಿತ್ತು: "ನಾಳಿಂದ ಕಳಿಸಬ್ಯಾಡ." ಅವಳು ನನ್ನ ಹೆಸರು ಎತ್ತಲಿಲ್ಲ, ಕಾಲುನೋವಿನ ನೆಪವನ್ನೂ ಹೇಳಲಿಲ್ಲ. "ಆತ್ರಿ" ಎಂದು ಮೊಬೈಲನ್ನು ಸೊಸೆಯ ಕೈಗಿತ್ತಳು. ಆಮೇಲೆ ಹೂವಿನ ಬಟ್ಟೆಯನ್ನು ಬಿಸಿಲಲ್ಲಿ ಅಗಲವಾಗಿ ಹರವಿ, ಅದರ ಹಿಂದೆ ಕೂತು ನನ್ನತ್ತ ಮುಖ ಎತ್ತಿದಳು.

"ಇನ್ನ ನನಗ ಅವಸರಿಲ್ಲ. ಬಿಸಿಲೂ ಬಂದೈತಿ. ತಗೀರಿ ನಿಮ್ಮ ಫೋಟೋ."

ಬೇಡ ಎಂದೆ. "ತಗದಽ ಹೋಗಬೇಕು" ಎಂದಳು. ಸೊಸೆ ಮುಖ ಆಚೆ ತಿರುಗಿಸಿ ಅಳುತ್ತಿದ್ದಳು. ಅತ್ತೆಯ ಕಣ್ಣಲ್ಲಿ ಅಳುವಿರಲಿಲ್ಲ, ಬರೀ ದ್ವೇಷ. ಬರಿಗಣ್ಣಿನಲ್ಲಿ ಅದನ್ನು ಎದುರಿಸಲಾಗದೆ ಕ್ಯಾಮೆರಾ ಎತ್ತಿದೆ. ಅದರೊಳಗಿಂದಲೂ ಅವಳು ನನ್ನನ್ನೇ ನೋಡುತ್ತಿದ್ದಳು. ನನಗೆ ನಾಚಿಕೆಯಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೂ ಗುಂಡಿ ಒತ್ತುವ ಮುಂಚೆ, ಅವಳ ಮುಖಕ್ಕೆ ಬಿಸಿಲು ಸರಿಯಾಗಿ ಬೀಳಲೆಂದು, ಎರಡು ಹೆಜ್ಜೆ ಎಡಕ್ಕೆ ಸರಿದೆ.