ಗುಂಡು ಹಾರುವ ತನಕ ಬಳೆ

ನನ್ನ ಗಂಡನ ಹೆಣ ಎತ್ತುವ ಹೊತ್ತಿಗೆ ಬಂದೂಕು ಹಾರಲಿಲ್ಲ. ಮಗ ಬಂದೂಕಿನ ಕುದುರೆ ಎಳೆದ, ಟಕ್ ಎಂದಿತು. ಮತ್ತೆ ಎಳೆದ, ಮತ್ತೆ ಟಕ್. ಅಂಗಳದಲ್ಲಿ ನಿಂತವರೆಲ್ಲ ಕಿವಿಗೆ ಬೆರಳಿಟ್ಟುಕೊಂಡಿದ್ದರು. ಸ್ವಲ್ಪ ಹೊತ್ತು ಹಾಗೇ ನಿಂತು ಒಬ್ಬೊಬ್ಬರಾಗಿ ಬೆರಳು ತೆಗೆದರು.

ಸೇಡಂ ಹತ್ತಿರ ಕಾಗಿಣಾ ದಂಡೆಯ ಹಳ್ಳಿ ನಮ್ಮದು. ಬಂದೂಕು ಒಂಟಿ ನಳಿಗೆಯದು, ನಿಜಾಮರ ಕಾಲದಲ್ಲಿ ಮಾವನ ಅಪ್ಪನಿಗೆ ಬಂದದ್ದು. ಮನೆಯ ಹಿರಿಯ ಸತ್ತರೆ ಎತ್ತುವ ಮೊದಲು ಅದರಿಂದ ಮುಗಿಲಿಗೆ ಒಂದು ಗುಂಡು ಹಾರಿಸಬೇಕು. ಊರಿನಲ್ಲಿ ನಮ್ಮೊಂದು ಮನೆಗೆ ಮಾತ್ರ ಈ ಪದ್ಧತಿ. ಗುಂಡು ಹಾರುವ ತನಕ ಹೆಂಗಸರು ದನಿ ತೆಗೆದು ಅಳುವಂತಿಲ್ಲ, ಸತ್ತವನ ಹೆಂಡತಿಯ ಬಳೆ ತೆಗೆಯುವಂತಿಲ್ಲ. ಮಾವ ಸತ್ತಾಗ ಅತ್ತೆಯ ಬಳೆ ಗುಂಡು ಹಾರಿದ ಮೇಲೆಯೇ ಹೋದವು. ಗುಂಡು ಹಾರದಿದ್ದರೆ ಏನು ಮಾಡಬೇಕೆಂದು ಯಾರೂ ಹೇಳಿ ಸತ್ತಿರಲಿಲ್ಲ.

ಹೆಣ ಕಾಯುವುದಿಲ್ಲ. ಅಯ್ಯನವರು ಎತ್ತಿರಿ ಎಂದರು, ಎತ್ತಿದರು. ಹೊಲದಲ್ಲಿ ಮಣ್ಣು ಕೊಟ್ಟು ಬಂದರು. ನನ್ನ ಹಸಿರು ಬಳೆ ಕೈಯಲ್ಲೇ ಉಳಿದವು, ಕುಂಕುಮ ಹಣೆಯಲ್ಲೇ ಉಳಿಯಿತು.

ಬಂದ ಮೇಲೆ ನನ್ನ ಮೈದುನ ಬಂದೂಕನ್ನು ನಡುವೆ ಮಡಚಿ ತೋಟಾ ಹೊರಗೆ ತೆಗೆದ. ಮದ್ದು ತುಂಬಿದ ಹಿತ್ತಾಳೆಯ ಕೊಳವೆ, ಹೆಬ್ಬೆರಳಿನಷ್ಟು. ಮನೆಯಲ್ಲಿ ಉಳಿದದ್ದು ಅದೊಂದೇ. ಹಸಿರುಗಟ್ಟಿತ್ತು, ಅಂಚಿನಲ್ಲಿ ಕುಂಕುಮ ಗಟ್ಟಿಯಾಗಿ ಕೂತಿತ್ತು. ಪ್ರತಿ ದಸರೆಗೆ ಅದನ್ನು ಬಂದೂಕಿನ ಪಕ್ಕದಲ್ಲಿಟ್ಟು, ನೀರು ಸಿಂಪಡಿಸಿ, ವಿಭೂತಿ ಕುಂಕುಮ ಹಚ್ಚಿ ಪೂಜೆ ಮಾಡುತ್ತಿದ್ದೆವು. ಮದ್ದು ಒಣಗಿರಬೇಕು ಎಂದು ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

"ಗಿಡಕ್ಕ ಹಾಕಿದಂಗ ನೀರು ಹಾಕೀರಿ ನೋಡ್ರಿ ವೈನಿ. ಮೊಳಕಿ ಒಡೀಲಿಲ್ಲ, ಅದೇ ದೊಡ್ಡದು," ಎಂದ ಮೈದುನ.

"ನೀ ಕಾಯಿ ಒಡದು ಆ ನೀರು ಎಲ್ಲಿ ಬಿಡ್ತಿದ್ದಿ? ಅದರ ಮ್ಯಾಲೇ."

ಅವನು ಮಾತು ತಿರುಗಿಸಿದ. "ಅಣ್ಣನ ದಿವಸದ ಕಾರ್ಯದೊಳಗ ತೋಟಾ ಬರಬೇಕು, ಗುಂಡು ಹಾರಬೇಕು. ಇಲ್ಲಂದ್ರ ದಿವಸದ ಊಟಕ್ಕ ನಾ ಪಂಗ್ತಿಗೆ ಕೂಡಂಗಿಲ್ಲ. ನಿಮ್ಮ ಬಳಿ ತೆಗಿಲಿಕ್ಕೂ ಬಿಡಂಗಿಲ್ಲ."

"ಹಂಗಾದ್ರ ಹುಡುಕೂಣು."

ಬಳೆ ತೆಗೆದವಳು ದಿವಸದ ತನಕ ಹೊಸ್ತಿಲು ದಾಟುವಂತಿಲ್ಲ. ನನ್ನವು ಇನ್ನೂ ಕೈಯಲ್ಲಿದ್ದವು, ಹಾಗಾಗಿ ತಡೆಯಲು ಯಾರಿಗೂ ಕಾರಣ ಸಿಗಲಿಲ್ಲ.

ಮೊದಲು ಮಗನೊಬ್ಬನೇ ಕಲಬುರಗಿಯ ಬಂದೂಕಿನ ಅಂಗಡಿಗೆ ಹೋಗಿ ಬಂದ. ಲೈಸೆನ್ಸಿನಲ್ಲಿ ಅವನ ಹೆಸರೂ ಇತ್ತು. ಈ ಅಳತೆಯ ತೋಟಾ ಮಾಡುವ ಕಾರ್ಖಾನೆಯೇ ಈಗ ಇಲ್ಲ ಎಂದನಂತೆ ಅಂಗಡಿಯವನು. ಈಗಿನವು ಪ್ಲಾಸ್ಟಿಕ್ಕಿನವು, ನಮ್ಮ ನಳಿಗೆಗೆ ದಪ್ಪ. ಬಂದೂಕನ್ನು ಗೋಡೆಗೆ ತೂಗುಹಾಕಿ, ಚಂದ ಕಾಣುತ್ತದೆ ಎಂದೂ ಹೇಳಿದನಂತೆ. ಬೇಕೇ ಬೇಕೆಂದರೆ ಹಳೆಯ ಬೇಟೆಗಾರರ ಮನೆಗಳಲ್ಲಿ ಕೇಳಬೇಕು.

ಹಾರದ ತೋಟಾವನ್ನು ಅಳತೆಗೆಂದು ನನ್ನ ಎಲೆ ಅಡಿಕೆಯ ಸಂಚಿಯಲ್ಲಿಟ್ಟುಕೊಂಡು ಮಗನ ಜೊತೆ ಹೊರಟೆ.

ಶಹಾಬಾದಿನಲ್ಲಿ ಕಲ್ಲಿನ ಗಣಿ ಇದ್ದ ಒಬ್ಬ ಮುದುಕರ ಮನೆಗೆ ಹೋದೆವು. ಅವರು ಬಿಸ್ಕೀಟಿನ ಡಬ್ಬಿ ತಂದು ಚಾಪೆಯ ಮೇಲೆ ಸುರಿದರು. ನಾನಾ ನಮೂನೆಯ ತೋಟಾ. ನಾನು ಒಂದೊಂದನ್ನೇ ನಮ್ಮದರ ಪಕ್ಕಕ್ಕೆ ನಿಲ್ಲಿಸಿ ನೋಡಿದೆ. ಉದ್ದ ಸರಿಹೋದರೆ ದಪ್ಪ ಸರಿಹೋಗುತ್ತಿರಲಿಲ್ಲ. ಎದ್ದಾಗ ಆ ಮನೆಯ ಸೊಸೆ ಕುಂಕುಮದ ಬಟ್ಟಲು ಹಿಡಿದು ಬಂದಳು.

"ಮುತ್ತೈದಿ ಬಂದೀರಿ, ಹಂಗೇ ಹೋಗಬಾರದ್ರಿ ಅವ್ವಾರ."

"ಗಂಡ ಸತ್ತಾನವ್ವ," ಎಂದೆ.

"ಅಯ್ಯ, ಯಾವಾಗ್ರಿ?"

"ಸೋಮವಾರ."

ಅವಳು ನನ್ನ ಬಳೆ ನೋಡಿದಳು, ಹಣೆ ನೋಡಿದಳು. ಕುಂಕುಮದ ಬೆರಳು ಎತ್ತಿದಲ್ಲೇ ನಿಂತಿತ್ತು. ಕೊನೆಗೆ ಅದನ್ನು ಬಾಗಿಲ ಚೌಕಟ್ಟಿಗೆ ಒರೆಸಿ ಒಳಗೆ ಹೋದಳು.

ಚಿತ್ತಾಪುರಕ್ಕೆ ಹೋಗಲು ವಾಡಿಯಲ್ಲಿ ಬಸ್ಸು ಬದಲಿಸಿದೆವು. ಮಗ ಮೆತ್ತಗೆ ಹೇಳಿದ, "ಯವ್ವಾ, ಸೆರಗಿನಾಗ ಕೈ ಮುಚ್ಚಿಕೋ."

"ಸೆಕಿ ಆಗ್ತದ," ಎಂದೆ.

ಚಿತ್ತಾಪುರದಲ್ಲಿ ನನ್ನ ಮಾವನ ಜೊತೆ ಬೇಟೆಗೆ ಹೋಗುತ್ತಿದ್ದ ಒಬ್ಬ ಸಾಹೇಬರ ಮನೆ ಇದೆ. ಅವರು ತೀರಿಕೊಂಡು ಎಷ್ಟೋ ಕಾಲವಾಯಿತು. ಸೊಸೆ ನನ್ನ ಓರಗೆಯವಳು. ನಮ್ಮ ತೋಟಾ ಕೈಗೆ ತೆಗೆದುಕೊಂಡವಳೇ, "ಅರೆ, ಇಂಥಾದು ನಮ್ಮ ಮನ್ಯಾಗೂ ಅದ," ಎಂದು ಒಳಗೆ ಹೋದಳು. ತಂದಿಟ್ಟಳು. ಅದೇ ಎತ್ತರ, ಅದೇ ದಪ್ಪ. ಮಗ ಎದ್ದು ನಿಂತ. ಆಕೆ ಅದರ ಬಾಯಿಗೆ ಹೆಟ್ಟಿದ್ದ ಬಿರಡೆ ಕಿತ್ತು ಒಂದು ಕಡ್ಡಿ ಎಳೆದಳು. ಒಳಗೆ ಸುರ್ಮಾ ಇತ್ತು. ಹಾರಿಸಿ ಬಿಟ್ಟ ಖಾಲಿ ಕೊಳವೆ ಅದು.

"ಹಚ್ಚಲೇನು ಅಕ್ಕಾ? ಅತ್ತ ಕಣ್ಣಿಗೆ ಥಂಡ ಆಗ್ತದ."

"ನಾ ಅಳಲಿಕತ್ತಿಲ್ಲ."

"ಹಂಗಾದ್ರಂತೂ ಹಚ್ಚಿಕೋ."

ಹಚ್ಚಿಸಿಕೊಂಡೆ. ಉರಿದು ಕಣ್ಣಿನಿಂದ ನೀರಿಳಿಯಿತು. ಮಗ ಮುಖ ಆ ಕಡೆ ಮಾಡಿದ. ಅದು ಸುರ್ಮಾದ ನೀರು, ಅವನಿಗೆ ಹಾಗೆಂದು ಹೇಳಿದೆ. ಹೊರಡುವಾಗ ಆಕೆ, ಮಾವಂದಿರ ಜೊತೆ ಕಾಡು ತಿರುಗುತ್ತಿದ್ದ ಒಬ್ಬ ಮುದುಕ ಕುಂಚಾವರಂ ಕಡೆ ಇನ್ನೂ ಬದುಕಿದ್ದಾನೆ, ಅವನ ಹತ್ತಿರವೂ ಇಂಥದೇ ಬಂದೂಕು ಇತ್ತು ಎಂದಳು.

ಮರುದಿನ ಚಿಂಚೋಳಿ ದಾಟಿ ಅಲ್ಲಿಗೆ ಹೋದೆವು. ಮುದುಕ ಅರ್ಧ ತೆಲುಗು ಅರ್ಧ ಕನ್ನಡ ಮಾತಾಡಿದ. ಬಂದೂಕನ್ನು ಯಾವುದೋ ಇಲೆಕ್ಷನ್ನಿನಲ್ಲಿ ಠಾಣೆಗೆ ಕೊಟ್ಟವನು ತಿರುಗಿ ತರಲು ಹೋಗಿರಲಿಲ್ಲ. ಮೂಲೆಯ ಮಡಕೆಯಲ್ಲಿದ್ದ ಬೂದಿಗೆ ಕೈ ಹಾಕಿ ಒಂದು ಅರಿವೆಯ ಗಂಟು ತೆಗೆದ. "ಒಕ್ಕಟೇ ಉಂದಿ ಅಮ್ಮಾ. ಒಂದೇ ಅದ." ಬಿಚ್ಚಿದರೆ ಹಿತ್ತಾಳೆ ಹಳದಿಗೆ ಹಳದಿ ಇತ್ತು.

"ಇದಕ್ಕ ಪೂಜಿ ಮಾಡಿರೇನು?" ಎಂದೆ.

"ತೋಟಾಕ್ಯಾರು ಪೂಜಿ ಮಾಡ್ತಾರಮ್ಮಾ?"

"ಹಾರ್ತದೇನು?"

"ಹಾರಿಸಿದ ಮ್ಯಾಲ ತಿಳೀತದ. ಮುಂಚೇನೇ ಹೆಂಗ ಹೇಳಾದು?"

ಹಾಗೆ ಕೊಡಬಹುದೋ ಕೊಡಬಾರದೋ, ಕಾನೂನು ನನಗೆ ಗೊತ್ತಿಲ್ಲ, ಕೇಳಲೂ ಇಲ್ಲ. ಸಂಚಿಗೆ ಹಾಕಿಕೊಂಡೆ.

ದಿವಸದ ದಿನ ಮಂದಿ ಕೂಡಿದ್ದರು. ಮಗ ಬಂದೂಕು ಒರೆಸುತ್ತಿದ್ದ. ಮೈದುನ ಕುಂಕುಮ, ನೀರಿನ ತಂಬಿಗೆ ಹಿಡಿದು ನನ್ನ ಮುಂದೆ ಬಂದು ಕೈ ಚಾಚಿದ. "ತರ್ರಿ ವೈನಿ, ಸ್ವಲ್ಪ ಪೂಜಿ ಮಾಡಿ ಕೊಡ್ತೀನಿ."

ನಾನು ಮುಷ್ಟಿ ಬಿಗಿ ಹಿಡಿದೆ. "ಮುಟ್ಟಿ ನೋಡು ಈಗ! ಆ ನೀರು ನಿನ್ನ ತಲಿ ಮ್ಯಾಲ ಸುರೀತೀನಿ."

ಮಂದಿ ನಕ್ಕರು. ಅವನು ತಂಬಿಗೆ ಕೆಳಗಿಟ್ಟ. ತೋಟಾವನ್ನು ನಾನೇ ಮಗನ ಕೈಗೆ ಕೊಟ್ಟೆ. ನಳಿಗೆಯೊಳಗೆ ಜಾರಿ ಕೂತಿತು.

ಹಾರಿತು. ಬೇವಿನ ಗಿಡದ ಕಾಗೆಗಳೆಲ್ಲ ಎದ್ದವು. ಅಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದ ಹೆಂಗಸರು ಒಮ್ಮೆಲೇ ದನಿ ತೆಗೆದರು. ಮೈದುನ ಕಂಬ ಹಿಡಿದು "ಅಣ್ಣಾ" ಎಂದು ಹುಡುಗರ ಹಾಗೆ ಅತ್ತ. ನಾನು ಕೈ ಮುಂದೆ ಮಾಡಿ ಕೂತೆ. ನನ್ನ ನಾದಿನಿ ಬಳೆ ಒಡೆಯಲು ಕಲ್ಲು ತಂದಳು.

"ಕಲ್ಲು ಯಾಕ? ಸೋಪು ತಾ. ಚಲೋ ಬಳಿ ಅವ, ಯಾರರ ಹಾಕ್ಕೋತಾರ."

"ಇವನ್ನ ಯಾರು ಹಾಕ್ಕೋತಾರ, ಹುಚ್ಚಿ," ಎಂದು ಅಳುತ್ತಲೇ ಬೈದಳು. ಒಡೆದಳು. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಹುಗ್ಗಿ ತಳ ಹತ್ತಿದ ವಾಸನೆ ಬಂತು. "ಯಾರರ ಒಲಿ ನೋಡ್ರಿ," ಎಂದೆ. ಯಾರೂ ಏಳಲಿಲ್ಲ. ನಾನೇ ಎದ್ದು ಹೋಗಿ ಇಳಿಸಿದೆ. ಮೈದುನ ಪಂಗ್ತಿಗೆ ಕೂತು ಉಂಡ.

ಬಂದೂಕನ್ನು ಮಗ ಠಾಣೆಗೆ ಒಪ್ಪಿಸಿ ಬಂದಿದ್ದಾನೆ. ಹಾರಿದ ಖಾಲಿ ಕೊಳವೆ ನನ್ನ ಸಂಚಿಯಲ್ಲಿದೆ, ಅದರಲ್ಲಿ ಎಲೆಗೆ ಹಚ್ಚುವ ಸುಣ್ಣ ಇಡುತ್ತೇನೆ. ಬಾಯಿಗೆ ಸರಿಯಾಗುವ ಬಿರಡೆ ಸೇಡಂ ಬಜಾರಿನಲ್ಲಿ ಎಲ್ಲೂ ಸಿಗಲಿಲ್ಲ. ಅರಿವೆ ತುರುಕಿದ್ದೇನೆ. ಸುಣ್ಣ ಬೇಗ ಒಣಗುತ್ತದೆ, ನೀರು ಹಾಕಿ ಕಲಸಿಕೊಳ್ಳುತ್ತೇನೆ.