ಫಾರ್ಮಿನಲ್ಲಿ ಮೂರು ಜನ

ಪುಣೆಯಲ್ಲಿ ಮನೆ ಹುಡುಕುವಾಗ ನಾನೊಂದು ತಖ್ತೆ ಮಾಡಿದ್ದೆ. ಎಡಕ್ಕೆ ಬಡಾವಣೆಗಳ ಹೆಸರು. ಮೇಲಿನ ಸಾಲಿನಲ್ಲಿ ಶಾಲೆ, ದವಾಖಾನೆ, ಮಕ್ಕಳು ಆಡುವ ಜಾಗ, ನೀರು, ಗದ್ದಲ, ಹೆಂಡತಿಯ ಕೆಲಸಕ್ಕೆ ಇರುವ ದೂರ. ಪ್ರತಿಯೊಂದಕ್ಕೂ ಹತ್ತಕ್ಕೆ ಇಷ್ಟು ಎಂದು ಅಂಕ. ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿ, ಅದನ್ನೇ ಹದಿನೈದು ವರ್ಷ ಪಾಠ ಮಾಡಿದವನಿಗೆ ಊರನ್ನು ಬೇರೆ ರೀತಿಯಲ್ಲಿ ನೋಡಲು ಬರುವುದಿಲ್ಲ. ಆ ತಖ್ತೆ ಈಗಲೂ ನನ್ನ ಬಳಿ ಇದೆ. ಅದರಲ್ಲಿ ನನ್ನ ಅಕ್ಕನಿಗೆ ಸಂಬಂಧಿಸಿದ ಒಂದು ಕಾಲಮ್ಮೂ ಇಲ್ಲ. ಇದು ಖಾತ್ರಿ, ಏಕೆಂದರೆ ಕಾಗದ ಕಣ್ಣೆದುರಿಗಿದೆ. ಉಳಿದದ್ದನ್ನು ನೆನಪಿನಿಂದ ಬರೆಯುತ್ತಿದ್ದೇನೆ. ನನ್ನ ನೆನಪಿನ ಮೇಲೆ ನನಗೇ ಅಂಥ ಭರವಸೆಯಿಲ್ಲ.

ಹೆಂಡತಿಗೆ ಭೋಸರಿಯ ಒಂದು ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ನಾನು ಪುಣೆಯ ಒಂದು ಕಾಲೇಜಿನಲ್ಲಿ ತಾಸಿಗೆ ಇಷ್ಟು ಎಂದು ಸಂಬಳ ಪಡೆಯುವ ಮೇಷ್ಟ್ರಾದೆ. ನಾವು ನಾಲ್ಕು ಜನ: ನಾನು, ಹೆಂಡತಿ, ಎಂಟು ವರ್ಷದ ಮಗಳು, ಅಕ್ಕ. ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು, ಮದುವೆಯಾದವಳಲ್ಲ. ಖಾನಾಪುರದ ಕಡೆ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತಿದ್ದಳು. ಮಗಳು ಹುಟ್ಟಿ, ನಾವಿಬ್ಬರೂ ಕೆಲಸಕ್ಕೆ ಹೋಗುವವರಾದಾಗ, ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡು ಧಾರವಾಡಕ್ಕೆ ಬಂದಳು. ನಮ್ಮ ಓಣಿಯಲ್ಲೇ ಒಂದು ಬಾಡಿಗೆ ಕೋಣೆ ಹಿಡಿದು, ಹಗಲೆಲ್ಲ ನಮ್ಮ ಮನೆಯಲ್ಲಿದ್ದು ಹುಡುಗಿಯನ್ನು ಬೆಳೆಸಿದಳು. ಪುಣೆಗೆ ಹೋಗುವುದು ನಿಶ್ಚಯವಾದ ಮೇಲೆ ಆ ಕೋಣೆಯನ್ನು ಬಿಟ್ಟುಕೊಟ್ಟಳು. ಒಲೆ, ಹಂಡೆ, ಮಂಚ ಎಲ್ಲವನ್ನೂ ಅಕ್ಕಪಕ್ಕದವರಿಗೆ ಹಂಚಿದಳು. ಅವಳಿಗೆ ಆಮೇಲೆ ಬೇರೆ ಮನೆ ಉಳಿಯಲಿಲ್ಲ.

ಪುಣೆಯಲ್ಲಿ ಮನೆ ತೋರಿಸುವವರೆಲ್ಲರ ಬಾಯಲ್ಲಿ ಇರುವುದು ಒಂದೇ ಶಬ್ದ, ಫ್ಯಾಮಿಲಿ. ಫ್ಯಾಮಿಲಿ ಏರಿಯಾ, ಫ್ಯಾಮಿಲಿ ಸೊಸೈಟಿ, ಫ್ಯಾಮಿಲಿ ಕ್ರೌಡ್. ಗೇಟಿನ ಬೋರ್ಡಿನ ಮೇಲೂ ಅದೇ. ಒಳ್ಳೆಯ ನೆರೆ ಎಂದರೆ ಏನು ಎಂದು ಕೇಳಿದರೆ ಅಲ್ಲಿ ಯಾರು ಇದ್ದಾರೆ ಎಂದು ಹೇಳುವುದಿಲ್ಲ, ಯಾರನ್ನು ಬಿಟ್ಟುಕೊಳ್ಳುವುದಿಲ್ಲ ಎಂದು ಹೇಳುತ್ತಾರೆ. ಒಂಟಿ ಹುಡುಗರು ಇಲ್ಲ, ಒಂಟಿ ಹುಡುಗಿಯರು ಇಲ್ಲ, ನಾಯಿ ಇಲ್ಲ, ಮೀನು ಬೇಯಿಸುವವರು ಇಲ್ಲ. ನಾನು ತಲೆಯಾಡಿಸುತ್ತ ಬರೆದುಕೊಂಡೆ. ಮಗಳ ಸಲುವಾಗಿ, ಎಂದುಕೊಂಡೆ.

ಮಗರಪಟ್ಟಾ ನೋಡಿದೆವು. ಅಲ್ಲಿ ಗಿಡಗಳೂ ಸಾಲಾಗಿ ನಿಂತಿದ್ದವು, ಮನುಷ್ಯರೂ ಸಾಲಾಗಿ ನಡೆಯುತ್ತಿದ್ದರು. ಅಲ್ಲಿಂದ ಹೆಂಡತಿಯ ಕೆಲಸಕ್ಕೆ ಊರಿನ ಈ ತುದಿಯಿಂದ ಆ ತುದಿ. ಭೋಸರಿಯಲ್ಲೇ ನೋಡಿದೆವು. ನಾನು ಗದ್ದಲಕ್ಕೆ ಎರಡು ಅಂಕ ಕೊಟ್ಟೆ, ಧೂಳಿಗೆ ಒಂದು. ಕೊನೆಗೆ ಚಿಂಚವಾಡದ ಆಚೆ ಒಂದು ಹೊಸ ಸೊಸೈಟಿ ಎಲ್ಲದರಲ್ಲೂ ಮೇಲೆ ಬಂತು. ಜೋಕಾಲಿ, ಜಾರುಬಂಡಿ, ಶಾಲೆಯ ಬಸ್ಸು ಗೇಟಿನ ತನಕ. ಎಲ್ಲಕ್ಕಿಂತ ಹೆಚ್ಚಾಗಿ, ಅದರ ಸೆಕ್ರೆಟರಿ ಬೆಳಗಾವಿಯವ.

ಮೆಟ್ಟಿಲ ಮೇಲೆ ಸಿಕ್ಕು ಅವನೇ ಮಾತಾಡಿಸಿದ. "ಧಾರವಾಡದವ್ರೇನ್ರಿ ಸರ? ಭಾಳ ಛಲೋ ಆತು. ಇಲ್ಲಿ ನಮ್ಮ ಮಂದಿ ಅಂದ್ರ ನಾ ಒಬ್ಬನ ಇದ್ದೆ. ಬರ್ರಿ, ಬರ್ರಿ."

ಇದಕ್ಕೂ ನಾನು ತಖ್ತೆಯಲ್ಲಿ ಅಂಕ ಕೊಟ್ಟಿದ್ದೇನೆ. ಹತ್ತಕ್ಕೆ ಹತ್ತು. ನಮ್ಮ ಕಡೆಯವರು ಪರಊರಿಗೆ ಹೋದರೆ ಮಾಡುವ ಮೊದಲ ತಪ್ಪು ಇದು. ಕನ್ನಡ ಕೇಳಿಸಿದ ಕೂಡಲೇ ಕಾವಲು ಇಳಿಸಿಬಿಡುತ್ತೇವೆ.

ಬಾಡಿಗೆಗೆ ಬರುವವರು ಇಡೀ ಕುಟುಂಬದೊಂದಿಗೆ ಭಾನುವಾರ ಕಮಿಟಿಯ ಎದುರು ಬಂದು ಕೂತು ಪರಿಚಯ ಹೇಳಿಕೊಳ್ಳಬೇಕು ಎಂಬುದು ಅಲ್ಲಿಯ ಪದ್ಧತಿ. ಮನೆ ತೋರಿಸಿದ ಏಜೆಂಟ್ ಹೋಗುವಾಗ ಕಾರಿನಲ್ಲಿ ನನಗೆ ಹಿಂದಿಯಲ್ಲಿ ಬುದ್ಧಿ ಹೇಳಿದ: ಇಲ್ಲಿ ನೀರಿನ ತೊಂದರೆಯಿದೆ, ಟ್ಯಾಂಕರ್ ತರಿಸುತ್ತಾರೆ, ತಲೆ ಹೆಚ್ಚಾದರೆ ತಕರಾರು ಮಾಡುತ್ತಾರೆ, ಗಂಡ ಹೆಂಡತಿ ಒಂದು ಮಗು ಎಂದುಬಿಡಿ, ಆಮೇಲೆ ಯಾರು ನೋಡುತ್ತಾರೆ. ಹಿಂದಿನ ಸೀಟಿನಲ್ಲಿ ಅಕ್ಕ ಕೂತಿದ್ದಳು. ಅಥವಾ ಅವಳು ಹೆಂಡತಿಯ ಜೊತೆ ರಿಕ್ಷಾದಲ್ಲಿ ಬಂದಳೋ, ಈಗ ಹೇಳಲಾರೆ.

ಕಮಿಟಿಯ ಐದು ಜನ ಪಾರ್ಕಿಂಗಿನ ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಮೆಟ್ಟಿಲ ಮೇಲೆ ಕನ್ನಡ ಆಡಿದ ಸೆಕ್ರೆಟರಿ ಅಲ್ಲಿ ಮರಾಠಿಯಲ್ಲಿ ಗಂಟುಮೋರೆ ಹಾಕಿಕೊಂಡಿದ್ದ. ನಮ್ಮ ಗುರುತೇ ಇಲ್ಲದವನಂತೆ ಹೆಸರು, ಕೆಲಸ, ಊರು ಕೇಳಿದ. ಆಮೇಲೆ ಅಕ್ಕನ ಕಡೆ ಪೆನ್ನು ತೋರಿಸಿ, "ಆಣಿ ಹ್ಯಾ?" ಎಂದ. ಮತ್ತೆ ಇವರು ಯಾರು ಎಂದು.

ನನ್ನ ನೆನಪಿನಲ್ಲಿ ನಾನು "ಮಾಝೀ ಬಹೀಣ್" ಎಂದು ಹೇಳಿ ನಿಲ್ಲಿಸಿದ್ದೇನೆ. ನನ್ನ ಅಕ್ಕ. ಅಷ್ಟೇ. ಹೆಂಡತಿಯ ನೆನಪಿನಲ್ಲಿ ಅದರ ಹಿಂದೆ ಇನ್ನೊಂದು ಮಾತಿದೆ: "ಥೋಡ್ಯಾ ದಿವಸಾಂಸಾಠೀ ಆಲೀಯ." ಸ್ವಲ್ಪ ದಿನಕ್ಕೆ ಬಂದಿದ್ದಾಳೆ. ಆ ಎರಡನೆಯ ಮಾತು ನನ್ನ ತಲೆಯಲ್ಲಿ ಎಲ್ಲಿ ಹುಡುಕಿದರೂ ಸಿಗುವುದಿಲ್ಲ. ಆಡಿದ್ದರೆ, ಮರಾಠಿಯಲ್ಲಿ ಆಡಿದ್ದಕ್ಕೇ ಹಗುರಾಗಿ ಆಡಿರಬೇಕು. ಪರಭಾಷೆಯಲ್ಲಿ ಹೇಳಿದ್ದು ಪೂರ್ತಿ ಹೇಳಿದಂತಲ್ಲ ಎಂಬ ಭ್ರಮೆ ನನ್ನಂಥವರಿಗೆ ಇರುತ್ತದೆ. ಬಾಗಿಲಾಚೆ ಮರಾಠಿ, ಬಾಗಿಲೊಳಗೆ ಕನ್ನಡ, ನಡುವೆ ಯಾವ ದಾರಿಯೂ ಇಲ್ಲವೆಂಬಂತೆ ನಡೆದುಕೊಳ್ಳುತ್ತೇವೆ.

ಮನೆ ಸಿಕ್ಕಿತು. ಅಕ್ಕ ಅಡಿಗೆಮನೆಯ ಡಬ್ಬಿಗಳನ್ನು ಜೋಡಿಸಿದಳು, ಮಗಳ ಪುಸ್ತಕ ಜೋಡಿಸಿದಳು. ತನ್ನ ಟ್ರಂಕನ್ನು ಮಾತ್ರ ಬಿಚ್ಚಲಿಲ್ಲ. ಕಪಾಟು ಸಾಲುತ್ತಿಲ್ಲ ಎಂದು ನಾನು ತಿಳಿದುಕೊಂಡೆ.

ಮೂರನೆಯ ದಿನ ನಾನು ತರಗತಿಯಲ್ಲಿದ್ದಾಗ ಫೋನು ಗುಂಯ್ಗುಟ್ಟಿತು. ತೆಗೆದು ನೋಡಿದರೆ ಅಕ್ಕನ ಮುಖ. ಗೇಟಿನಲ್ಲಿ ನಿಲ್ಲಿಸಿ ತೆಗೆದ ಫೋಟೊ, ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದಾಳೆ. ಕೆಳಗೆ ಎರಡು ಗುಂಡಿ: ಒಳಗೆ ಬಿಡಿ, ಬಿಡಬೇಡಿ. ಸೊಸೈಟಿಯ ಆ್ಯಪಿನಲ್ಲಿ ನಾವು ಮೂವರೇ ಮನೆಯವರು. ಅಕ್ಕ ಅತಿಥಿ. ಅತಿಥಿ ಹೊರಗೆ ಹೋಗಿ ಬಂದಾಗಲೆಲ್ಲ ಮನೆಯವರು ಒಪ್ಪಿಗೆ ಕೊಡಬೇಕು. ಶಾಲೆಯ ಬಸ್ಸಿನಿಂದ ಹುಡುಗಿಯನ್ನು ಇಳಿಸಿಕೊಳ್ಳಲು ಅವಳು ಗೇಟಿನಾಚೆ ಇಪ್ಪತ್ತು ಹೆಜ್ಜೆ ಹೋಗುತ್ತಿದ್ದಳು. ಆ ಇಪ್ಪತ್ತು ಹೆಜ್ಜೆ ವಾಪಸು ಬರಲು ನನ್ನ ಬೆರಳು ಬೇಕಾಗಿತ್ತು. ಹೆಂಡತಿಯ ಪ್ರಯೋಗಾಲಯದೊಳಗೆ ಫೋನು ಬಿಡುವುದಿಲ್ಲ. ಕೊತ್ತಂಬರಿಗೆ ಹೋದರೂ ಫೋಟೊ, ಔಷಧಿಗೆ ಹೋದರೂ ಫೋಟೊ. ಮೊದಲ ವಾರ ನನಗೆ ಅದು ತಮಾಷೆಯಾಗಿ ಕಂಡಿತ್ತು ಎಂದು ಬರೆಯಲು ನಾಚಿಕೆಯಾಗುತ್ತದೆ.

ಗೇಟಿನ ವಾಚ್‌ಮನ್ ಅಕ್ಕಲಕೋಟೆಯ ಕಡೆಯವ, ಕನ್ನಡ ಬಲ್ಲವ. ಅಕ್ಕನನ್ನು ಮೌಶಿ, ಚಿಕ್ಕಮ್ಮ, ಎನ್ನುತ್ತಿದ್ದ ಅವನೇ ಒಂದು ದಿನ ನನಗೆ ಉಪಾಯ ಹೇಳಿದ.

"ಸಾಹೇಬ್ರ, ಮೌಶಿನ್ನ ಮನಿಕೆಲಸದಾಕಿ ಅಂತ ಪಾಸ್ ಮಾಡಸ್ರಿ. ಕಾರ್ಡ್ ತೋರಿಸಿದ್ರ ಸಾಕು, ದಿನಾ ಕೇಳೂದಿಲ್ಲ."

ನಾನು ಅವನ ಮೇಲೆ ಸಿಟ್ಟಾದೆ. ಆದರೆ ಅದಾದ ಮೇಲೆ ಒಂದೆರಡು ದಿನ ಆ ಉಪಾಯವನ್ನು ತಲೆಯಲ್ಲಿ ಇಟ್ಟುಕೊಂಡು ತಿರುಗಾಡಿದೆ. ಇದನ್ನು ಮಾತ್ರ ಮರೆತಿಲ್ಲ. ಮರೆತಿದ್ದರೆ ಚೆನ್ನಾಗಿತ್ತು.

ಏಪ್ರಿಲ್‌ನಲ್ಲಿ ಪರೀಕ್ಷೆ ಶುರುವಾಯಿತು. ಮೇಲ್ವಿಚಾರಣೆಗೆ ಹೋಗುವವರು ಫೋನನ್ನು ಆಫೀಸಿನ ಕಪಾಟಿನಲ್ಲಿ ಇಟ್ಟು ಹೋಗಬೇಕು. ಇದನ್ನು ಮನೆಯಲ್ಲಿ ಹೇಳಲು ಮರೆತೆ. ಎರಡೂವರೆಗೆ ಬಸ್ಸು ಬಂತು. ಸಂಜೆ ಐದಕ್ಕೆ ನಾನು ಕಪಾಟು ತೆರೆಸಿದಾಗ ಫೋನಿನಲ್ಲಿ ಅಕ್ಕನ ಏಳು ಫೋಟೊಗಳಿದ್ದವು. ಮೊದಲನೆಯದರಲ್ಲಿ ನಿಂತಿದ್ದಾಳೆ. ಕೊನೆಯದರಲ್ಲಿ ಕೂತಿದ್ದಾಳೆ, ಮಗ್ಗುಲಲ್ಲಿ ಮಗಳ ಎರಡು ಜಡೆ ಕಾಣುತ್ತವೆ.

ಮಗಳನ್ನು ಒಳಗೆ ಬಿಡಲು ಅಡ್ಡಿಯಿರಲಿಲ್ಲ, ಅವಳು ಮನೆಯವಳು. ಅವಳು ಅತ್ತೆಯನ್ನು ಬಿಟ್ಟು ಹೋಗಲು ಒಪ್ಪಲಿಲ್ಲ. ಇಬ್ಬರೂ ಗೇಟಿನಾಚೆಯ ಕಟ್ಟೆಯ ಮೇಲೆ ಎರಡೂವರೆ ತಾಸು ಕೂತರು. ಎದುರು ಕಟ್ಟಡ ಏಳುತ್ತಿತ್ತು. ಅಲ್ಲಿ ಕೆಲಸ ಮಾಡುವ ಯಾದಗಿರಿ ಕಡೆಯ ಹೆಂಗಸರು ನೆರಳಿಗೆಂದು ಬಂದು ಅವರ ಪಕ್ಕ ಕೂತರಂತೆ. ಆ ಸಂಭಾಷಣೆಯನ್ನು ಮಗಳು ಮನೆಯಲ್ಲಿ ಅಭಿನಯಿಸಿ ತೋರಿಸಿದಳು.

"ಯಕ್ಕಾ, ಯಾರ ಮನ್ಯಾಗ ಕೆಲಸಕ್ಕ ಇದ್ದಿ?"

"ನನ್ನ ತಮ್ಮನ ಮನ್ಯಾಗ."

"ಪಗಾರ ಸರಿಗಿ ಕೊಡ್ತಾನೇನ?"

"ಊಟಕ್ಕ ಹಾಕ್ತಾನ."

ಹೆಂಗಸರು ನಕ್ಕರಂತೆ. ಅತ್ತೆಯೂ ನಕ್ಕಳಂತೆ. ಮಗಳೂ ನಗುತ್ತ ನಮಗೆ ಹೇಳಿದಳು. ಹೆಂಡತಿ ನಗಲಿಲ್ಲ.

"ಇದೆಲ್ಲಾ ನೀವ ಮಾಡಿಟ್ಟದ್ದು," ಎಂದಳು. "ಸ್ವಲ್ಪ ದಿನಕ್ಕ ಬಂದಾಳ ಅಂತ ನೀವ ಅಂದ್ರಿ."

"ನಾ ಹಂಗ ಅಂದಿಲ್ಲ. ಅಕ್ಕ ಅಂದೆ, ಅಷ್ಟ. ನಿನಗ ಮರಾಠಿ ಪೂರಾ ಬರೂದಿಲ್ಲ."

ಅಕ್ಕ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತದೆ ಹೇಳಿದಳು. "ಅಕಿಗೆ ಬರೂದಿಲ್ಲ, ಖರೆ. ನಾ ಖಾನಾಪುರದಾಗ ಹನ್ನೆರಡ ವರ್ಷ ಮರಾಠಿ ಮನಿ ಹುಡುಗ್ರಿಗೆ ಕಲಿಸೇನಿ. ನನಗೂ ಬರೂದಿಲ್ಲ ಅಂತ ತಿಳಕೊಂಡಿದ್ದೇನು?"

ಅವಳು ಅಷ್ಟು ದಿನ ಟ್ರಂಕನ್ನು ಏಕೆ ಬಿಚ್ಚಿರಲಿಲ್ಲ ಎಂಬುದು ಆಗ ನನಗೆ ಹೊಳೆಯಿತು. ಹೊಳೆದದ್ದನ್ನು ಒಪ್ಪಿಕೊಳ್ಳುವ ಬದಲು ನಾನು ಸಾಕ್ಷ್ಯ ಹುಡುಕಲು ಹೊರಟೆ. ಮರುದಿನ ಬೆಳಿಗ್ಗೆ ಸೆಕ್ರೆಟರಿಯ ಮನೆಗೆ ಹೋಗಿ, ಅವತ್ತಿನ ದಾಖಲೆಯಲ್ಲಿ ಏನಿದೆ ತೋರಿಸಿ ಎಂದೆ. ಆತ ನಿಧಾನಕ್ಕೆ ಫೈಲು ತೆಗೆದು ಒಂದು ಫಾರ್ಮು ನನ್ನ ಮುಂದೆ ಇಟ್ಟ. ವಾಸಿಸುವವರ ಸಂಖ್ಯೆ: ಮೂರು. ಮೂರರ ತಲೆಯನ್ನು ಚಪ್ಪಟೆ ಮಾಡಿ ಬರೆಯುವ ರೂಢಿ ನನ್ನದು.

"ಅಕ್ಷರ ನಿಮ್ಮದ ಅಲ್ಲೇನ್ರಿ ಸರ?"

"ನನ್ನದ."

"ಮತ್ತ?" ಅವನು ದನಿ ತಗ್ಗಿಸಿದ. "ನೋಡ್ರಿ, ನಮ್ಮ ಮಂದಿ ಅಂತ ನಾ ಭಾಳ ತಡಕೊಂಡೇನಿ. ನಿಮ್ಮ ಅಕ್ಕಾರು ಗೇಟಿನ ಹೊರಗ ಕೂಲಿ ಮಂದಿ ಸಂಗತೀ ಕೂಡ್ತಾರ ಅಂತ ಮ್ಯಾಲಿನ ಮನ್ಯಾವ್ರು ಕಂಪ್ಲೇಂಟ್ ಕೊಟ್ಟಾರ. ನಾಲ್ಕ ಜನ ಅಂತ ತಿದ್ದಬೇಕಂದ್ರ ಮತ್ತ ಕಮಿಟಿ ಮುಂದ ಬರಬೇಕಾಗ್ತದ. ಸುಳ್ಳ ಹೇಳಿ ಬಂದಾರ ಅಂತ ಮನಿ ಬಿಡ್ರಿ ಅಂದ್ರೂ ಅಂದಾರು. ನನಗ ಅವರ ಮುಂದ ಮಾರಿ ಎತ್ತಾಕ ಆಗೂದಿಲ್ಲ."

"ಹೊರಗ ಕೂಡಿಸಿದವ್ರು ನೀವ. ಈಗ ಯಾಕ ಕೂತ್ರಿ ಅಂತ ಕೇಳಾವ್ರೂ ನೀವ."

"ಕೂಡಿಸಿದವ ನಾ ಅಲ್ರಿ. ಫಾರ್ಮ್ ತುಂಬಿದವ್ರು ಕೂಡಿಸ್ಯಾರ."

ಅವನು ಹೇಳಿದ್ದು ಸರಿಯಾಗಿತ್ತು. ಅವನನ್ನು ದ್ವೇಷಿಸಲು ಅದೇ ಸಾಕಾಯಿತು.

ಭಾನುವಾರ ನಾನು ಒಬ್ಬನೇ ಕಮಿಟಿಗೆ ಹೊರಟಿದ್ದೆ. ಅಕ್ಕ ಸೀರೆ ಬದಲಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಬೇಡ ಎನ್ನಲು ನನಗೆ ಧೈರ್ಯವಾಗಲಿಲ್ಲ. ಮತ್ತೆ ಅದೇ ಮೂಲೆ, ಅದೇ ಕುರ್ಚಿಗಳು. ಈಕೆ ನನ್ನ ಅಕ್ಕ, ನಮ್ಮ ಜೊತೆಗೇ ಇರುತ್ತಾಳೆ, ಹೆಸರು ಸೇರಿಸಿ ಎಂದು ನಾನು ಮರಾಠಿಯಲ್ಲಿ ಹೇಳಿದೆ. ಹಾಗಾದರೆ ಅವತ್ತು ನೀವು ಹೇಳಿದ್ದು ಸುಳ್ಳೇ ಎಂದು ಸೆಕ್ರೆಟರಿ ಕೇಳಿದ.

ಒಂದು ಹೌದು ಸಾಕಿತ್ತು. ನಾನು ಭಾಷಣ ಶುರುಮಾಡಿದೆ. ಅವತ್ತಿನ ಮಾತು ನನಗೆ ಖಚಿತವಾಗಿ ನೆನಪಿಲ್ಲ, ಮನುಷ್ಯನ ನೆನಪು ಪ್ರತಿ ಸಲವೂ ಹೊಸದಾಗಿ ಕಟ್ಟಿಕೊಳ್ಳುತ್ತದೆ, ಏಜೆಂಟನ ಸಲಹೆಯ ಪ್ರಭಾವವೂ ಇರಬಹುದು, ಹೀಗೆ. ಐದು ಜನರಲ್ಲಿ ಒಬ್ಬ ಗಡಿಯಾರ ನೋಡಿದ.

ಅಕ್ಕ ನನ್ನ ಮಾತಿನ ನಡುವೆಯೇ ಮಾತಾಡಿದಳು. ಅವಳ ಮರಾಠಿ ನನ್ನದಕ್ಕಿಂತ ಸ್ವಚ್ಛವಾಗಿತ್ತು, ತರಗತಿಯಲ್ಲಿ ಹಿಂದಿನ ಬೆಂಚಿನ ತನಕ ತಲುಪುವ ದನಿ. ಇವನು ಸುಳ್ಳು ಹೇಳಿದ್ದು ಹೌದು, ನಾನು ಪಕ್ಕದಲ್ಲೇ ಕೂತಿದ್ದೆ, ಎಂದಳು. ಫಾರ್ಮು ತುಂಬಿದವನೂ ಇವನೇ. ನಾನು ಅತಿಥಿಯಲ್ಲ. ನನಗೆ ಬೇರೆ ಮನೆಯಿಲ್ಲ. ಆ ಹುಡುಗಿಯನ್ನು ಬೆಳೆಸುವವಳು ನಾನು. ನಾಲ್ಕು ಎಂದು ಬರೆಯಿರಿ. ಬರೆಯುವುದಿಲ್ಲ ಎಂದಾದರೆ, ಏಕೆ ಬರೆಯುವುದಿಲ್ಲ ಎಂದು ಕಾಗದದ ಮೇಲೆ ಕೊಡಿ.

ಕಮಿಟಿಯಲ್ಲಿದ್ದ ವಯಸ್ಸಾದ ಹೆಂಗಸು ಅಕ್ಕನನ್ನು ನೋಡಿ, "ಶಿಕ್ಷಿಕಾ ಹೋತಾ ಕಾ?" ಎಂದು ಕೇಳಿದಳು. ಹೌದು, ಮೇಡಮ್ ಆಗಿದ್ದೆ ಎಂದು ಅಕ್ಕ ಹೇಳಿದಳು. ಆ ಹೆಂಗಸು ಸೆಕ್ರೆಟರಿಗೆ ಬರೆದುಕೋ ಎಂಬಂತೆ ಕೈ ಮಾಡಿದಳು. ಕುಟುಂಬದ ಹಿರಿಯರು ಯಾರು ಎಂಬ ಜಾಗದಲ್ಲಿ ಅವನು ನನ್ನ ಹೆಸರು ಬಿಟ್ಟು ಅಕ್ಕನ ಹೆಸರು ಬರೆದ ಎಂದು ನನಗೆ ನೆನಪು. ಹೆಂಡತಿ ಇದನ್ನು ನಂಬುವುದಿಲ್ಲ, ಅವಳು ಅಲ್ಲಿರಲಿಲ್ಲ. ಅಕ್ಕನನ್ನು ಕೇಳಿಲ್ಲ.

ಲಿಫ್ಟಿನಲ್ಲಿ ನಾವಿಬ್ಬರೇ ಇದ್ದೆವು.

"ಅಕ್ಕಾ, ನಾ ಖರೇನ ಹಂಗ ಅಂದಿದ್ನೇನು?"

"ಅಂದಿದ್ದಿ."

"ನನಗ ನೆನಪಿಲ್ಲ."

"ನೀ ಮರತ್ರ ಆತೇನು? ಗೇಟಿನ್ಯಾಗ ಕೂತಾಕಿ ನಾನು."

ಆಮೇಲೆ ಆ್ಯಪಿನಲ್ಲಿ ಅವಳ ಫೋಟೊ ಬರುವುದು ನಿಂತಿತು. ಟ್ರಂಕು ಬಿಚ್ಚಲಿಲ್ಲ. ಹನ್ನೊಂದು ತಿಂಗಳ ಕರಾರು ಮುಗಿಯಲು ಇನ್ನೆರಡು ತಿಂಗಳಿರುವಾಗ, ಈ ಮನೆ ಸಾಕು, ಬೇರೆ ನೋಡೋಣ ಎಂದು ಅವಳೇ ಹೇಳಿದಳು. ಹೆಂಡತಿ ಕೂಡಲೇ ಒಪ್ಪಿದಳು. ನನ್ನನ್ನು ಯಾರೂ ಕೇಳಲಿಲ್ಲ. ಭಾನುವಾರ ಮೂವರೂ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ನಾನೂ ಅಂಗಿ ಹಾಕಿಕೊಂಡು ಬಂದೆ.

"ನೀ ಬ್ಯಾಡ," ಎಂದಳು ಅಕ್ಕ. "ನೀ ಬಂದ್ರ ಅಲ್ಲಿ ಮತ್ತ ಏನರ ಅಂದಗಿಂದಿ."

ಮಗಳು ಕಿಸಕ್ಕನೆ ನಕ್ಕಳು. ಹೆಂಡತಿ ಬಾಗಿಲು ಎಳೆದುಕೊಂಡಳು.

ನಾಲ್ಕು ಭಾನುವಾರ ಮೂವರೂ ಹೀಗೇ ಹೋದರು. ಪಿಂಪ್ರಿಯ ಕಡೆ ಒಂದು ಹಳೆಯ ಕಟ್ಟಡದಲ್ಲಿ, ಎರಡನೆಯ ಮಜಲಿನಲ್ಲಿ, ಮನೆ ಗೊತ್ತಾಗಿದೆಯಂತೆ. ಲಿಫ್ಟ್ ಇಲ್ಲ, ಆಡುವ ಜಾಗ ಎಂದರೆ ರಸ್ತೆ, ಹತ್ತಿರದಲ್ಲೇ ರೈಲು ಹೋಗುತ್ತದೆ. ಮಾಲಕಿಯ ಜೊತೆ ಮಾತಾಡಿದ್ದು, ಎಷ್ಟು ಜನ ಎಂದು ಹೇಳಿದ್ದು ಎಲ್ಲ ಅಕ್ಕನೇ. ಈ ತಿಂಗಳ ಕೊನೆಗೆ ಹೋಗುತ್ತೇವೆ. ಆ ಮನೆಯನ್ನು ನನಗೆ ಇನ್ನೂ ತೋರಿಸಿಲ್ಲ.